ಇಸ್ತ್ರಿ ಅಜ್ಜಿಗೆ ಬೆನ್ನಿರಲಿಲ್ಲ

...ಬೇಡ, ಕುರ್ಚಿ ಬೇಡ. ನಿಂತೇ ಮಾತಾಡ್ತೀನಿ. ವಿಮಾನದಲ್ಲಿ ಕೂತು ಕೂತು ಸೊಂಟ ಹಿಡ್ಕೊಂಡುಬಿಟ್ಟಿದೆ. ಪೆಟ್ಟಿಗೆ ಬಾಗಿಲ ಹತ್ರಾನೇ ಇರ್ಲಿ. ಅದರ ಒಂದು ಚಕ್ರ ಮುರಿದಿದೆ, ಒಳಗೆ ಎಳೆದ್ರೆ ನಿಮ್ಮ ಸ್ಟುಡಿಯೋ ನೆಲದುದ್ದಕ್ಕೂ ಗೆರೆ ಬೀಳುತ್ತೆ. ಇಲ್ಲ, ಮನೆಗೆ ಹೋಗಿಲ್ಲ, ನೇರ ಇಲ್ಲಿಗೇ ಬಂದೆ. ಯಾಕೆ ನಗ್ತೀಯ? ಯಾವ ಮನೆ ಅಕ್ಕ ಅಂತ ಕೇಳ್ಬೇಕು ಅನ್ನಿಸ್ತಾ? ಕೇಳು, ಪರವಾಗಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂತ ಅಮ್ಮನೂ ಅಂತಿದ್ಲು.

ಸ್ಕ್ರೀನ್ ಆರಿಸ್ಬೇಡ. ಅದೇ ತಾನೇ ನೀನು ತಿದ್ದುತ್ತಾ ಇದ್ದಿದ್ದು, ಬಸ್ ನಿಲ್ದಾಣದ ದೃಶ್ಯ? ಇರ್ಲಿ ಬಿಡು, ಅದರ ಮುಂದೇನೇ ಮಾತಾಡೋಣ. ಉಳಿದವರೆಲ್ಲ ಊಟಕ್ಕೆ ಹೋಗಿದಾರೆ ಅಂತ ಕೆಳಗೆ ಹೇಳಿದ್ರು. ಒಳ್ಳೇದೇ ಆಯ್ತು.

ಸುತ್ತಿ ಬಳಸಿ ಮಾತಾಡೋಕೆ ನನಗೆ ಶಕ್ತಿ ಇಲ್ಲ ಕಣೇ, ನೇರ ಹೇಳ್ಬಿಡ್ತೀನಿ. ಆ ದೃಶ್ಯ ತೆಗಿ. ತೆಗೆದ್ರೆ ಈಗಲೇ, ನಿನ್ನ ಈ ಮೇಜಿನ ಮೇಲೇ, ಒಪ್ಪಿಗೆಗೆ ಸಹಿ ಹಾಕಿಕೊಡ್ತೀನಿ. ತೆಗೀಲಿಲ್ಲ ಅಂದ್ರೆ ಹಾಕೋದಿಲ್ಲ. ಈ ಸಿನಿಮಾಕ್ಕೆ ಮೂಲವಾದ ವಿಡಿಯೋ ಆಟ ನಮ್ಮಿಬ್ಬರದು, ಅದರ ಇಸ್ತ್ರಿ ಅಜ್ಜಿ ನಮ್ಮಿಬ್ಬರವಳು. ಒಬ್ಬಳು ಒಪ್ಪಲಿಲ್ಲ ಅಂದ್ರೂ ಅಜ್ಜಿ ಸಿನಿಮಾದಲ್ಲಿ ಒಂದು ಹೆಜ್ಜೆ ಇಡೋ ಹಾಗಿಲ್ಲ. ನಾಳೆ ಬೆಳಗ್ಗೆಗೆ ಚಿತ್ರ ಮುಗೀತು ಅಂತ ಕಟ್ಟಿಡ್ತೀರಂತಲ್ಲ, ಆಮೇಲೆ ಒಂದು ಗೆರೆಯನ್ನೂ ಮುಟ್ಟೋ ಹಾಗಿಲ್ಲ ಅಂತ ನಿರ್ಮಾಪಕರು ಬರೆದಿದ್ರು. ಅದಕ್ಕೇ ಓಡಿ ಬಂದೆ.

ಹೆದರ್ಬೇಡ, ಸಿನಿಮಾ ಕೆಟ್ಟದಾಗಿದೆ ಅಂತ ಹೇಳ್ತಿಲ್ಲ. ಅವರು ನೋಡೋಕೆ ಕಳಿಸಿದ ದಿನ ನಾನು ಬಂದರಿನ ಪಕ್ಕದ ಒಂದು ಹೋಟೆಲಲ್ಲಿದ್ದೆ. ಕಿಟಕಿ ಆಚೆ ಕ್ರೇನು ಕಿರ್ ಅಂತಿತ್ತು, ನಾನು ಮಂಚದ ಮೇಲೆ ಕಾಲು ಚಾಚಿಕೊಂಡು ಲ್ಯಾಪ್‌ಟಾಪಲ್ಲಿ ನೋಡ್ತಿದ್ದೆ. ಮೊದಲ ಭಾಗ ನೋಡಿ ನಾನು ನಕ್ಕಿದ್ದಕ್ಕೆ ಪಕ್ಕದ ಕೋಣೆಯವನು ಗೋಡೆ ಬಡಿದ. ಆ ಹಮಾಲಿ ಹೊಡೆದಾಡೋಕೆ ಮುಂಚೆ ಎರಡು ಸಲ ಸೊಂಟದ ಪಟ್ಟಿ ಬಿಗಿ ಮಾಡ್ಕೊಳ್ತಾನಲ್ಲ, ಅದನ್ನ ಹಾಗೇ ಉಳಿಸಿದ್ದೀಯ. ಅದು ನಾನು ತಂದುಕೊಟ್ಟಿದ್ದು, ಜ್ಞಾಪಕ ಇದ್ಯಾ? ಯಾವುದೋ ಬಂದರಲ್ಲಿ, ಕೂಲಿ ವಿಷಯಕ್ಕೆ ಇಬ್ಬರು ಜಗಳಕ್ಕೆ ನಿಂತಿದ್ದಾಗ, ನಾನು ಜಗಳ ಬಿಡಿಸೋದು ಬಿಟ್ಟು ಅವರು ಹೇಗೆ ನಿಂತಿದಾರೆ ಅಂತ ನೋಡ್ತಾ ಕೂತಿದ್ದೆ.

ನಾವು ಆಟ ಕಟ್ಟಿದ ಆ ಟೈರ್ ಅಂಗಡಿ ಮೇಲಿನ ಕೋಣೆ. ರಬ್ಬರ್ ವಾಸನೆಗೆ ತಲೆನೋವು ಬಂದ್ರೂ ಬಾಡಿಗೆ ಕಡಿಮೆ ಅಂತ ಅಲ್ಲೇ ಬಿದ್ದಿದ್ವಿ. ನಾನು ಊರೂರು ಅಲೆದು ಜನ ನಿಲ್ಲೋ ರೀತಿ ಹೊತ್ಕೊಂಡು ಬರೋದು, ಕೋಣೆ ನಡುವೆ ಕುಣಿದು ತೋರಿಸೋದು, ನೀನು ಬರೆಯೋದು. 'ಅಕ್ಕ, ಎಡಗಾಲು ಇನ್ನೊಂದು ಸ್ವಲ್ಪ ಹಿಂದೆ' ಅಂತ ನೀನು, 'ಬಿದ್ದುಹೋಗ್ತೀನಿ ಕಣೇ' ಅಂತ ನಾನು. ಎಂಟು ಜನ ಹೊಡೆದಾಡೋರನ್ನ ಹಾಗೆ ಕುಣಿದು ಕುಣಿದೇ ಹೆತ್ವಿ ನಾವು.

ಆಮೇಲೆ ಇಸ್ತ್ರಿ ಅಜ್ಜಿ. ಅವಳನ್ನ ಮಾತ್ರ ಹುಡುಕಿಕೊಂಡು ನಾನೆಲ್ಲೂ ಹೋಗ್ಬೇಕಾಗಿರಲಿಲ್ಲ. ಅಮ್ಮ ಹೋಟೆಲಿನ ಬಟ್ಟೆ ಒಗೆಯೋ ಕೋಣೆಯಿಂದ ಕೆಲಸ ಮುಗಿಸಿ ಸಂಜೆ ಬಂದು, ಬಂದಮೇಲೂ ನಮ್ಮ ಬಟ್ಟೆಗೆ ಇಸ್ತ್ರಿ ಹಾಕ್ತಾ ನಿಂತಿರ್ತಿದ್ಲಲ್ಲ. ಭಾರ ಪೂರ್ತಿ ಹಿಂಗಾಲ ಮೇಲೆ, ಒಂದು ಕೈ ಸೊಂಟದ ಮೇಲೆ. ಒದ್ದೆ ಬೆಡ್‌ಶೀಟ್ ಹಿಡಿದು ಒಂದು ಸಲ ಕೊಡವಿದ್ರೆ ಪಟಾರ್ ಅನ್ನೋದು, ಪಕ್ಕದ ಮನೆ ನಾಯಿ ಎದ್ದು ಓಡೋದು. ಅದೇ ಅವಳ ಹೊಡೆತ ಆಗ್ಲಿ ಅಂದಿದ್ದು ನೀನು. ತಾನಾಗಿ ಮೊದಲು ಕೈ ಎತ್ತಬಾರದು, ಎದುರಿನವನು ಹೊಡೆಯೋಕೆ ಬಂದಾಗ ಮಾತ್ರ ಕೊಡವಬೇಕು ಅಂದಿದ್ದು ನಾನು. ಆಡೋರು ಮೊದಮೊದಲು ಬೈದ್ರು, ಇದೇನು, ಸುಮ್ಮನೆ ನಿಂತಿರೋ ಮುದುಕಿ ಅಂತ. ಆಮೇಲೆ ಅವಳ ಎದುರು ಹೆಸರುವಾಸಿ ಆಟಗಾರರೆಲ್ಲ ನೆಲ ಕಚ್ಚಿದ್ರು. ನೀನು ಅಮ್ಮನಿಗೆ ಅದನ್ನ ತೋರಿಸಿದ್ಯಂತಲ್ಲ. ಕನ್ನಡಕ ಹಾಕ್ಕೊಂಡು ಕೊನೆವರೆಗೂ ನೋಡಿ, 'ಶೀಟ್ ಹಿಡಿಯೋದು ಮೂಲೆಲಿ ಅಲ್ಲ ಕಣೇ, ಅಂಚಲ್ಲಿ' ಅಂದ್ಲು ಅಂತ ನೀನೇ ಬರೆದಿದ್ದೆ. ಅಷ್ಟೇನಾ ಅಂದಿದ್ದು? ಅವಳೇ ಅದು ಅಂತ ಗೊತ್ತಾಗ್ಲೇ ಇಲ್ವಾ? ಗೊತ್ತಾಗಿರುತ್ತೆ ಬಿಡು. ಗೊತ್ತಾಗಿದ್ದನ್ನ ಬಾಯಿ ಬಿಟ್ಟು ಹೇಳೋಳಾ ಅವಳು.

ಸರಿ, ಕೂತ್ಕೊಳ್ತೀನಿ. ನೀನು ಹಾಗೆ ಕತ್ತು ಮೇಲೆತ್ತಿ ನೋಡೋದು ನೋಡಿದ್ರೆ ನನಗೇ ಕತ್ತು ನೋಯುತ್ತೆ.

ನೋಡು, ಹೊಡೆದಾಟದ ಆಟದಲ್ಲಿ ಯಾರಿಗೂ ಕಾರಣ ಬೇಡ. ಇವನು ಈ ಕಡೆ, ಅವನು ಆ ಕಡೆ, ಗಂಟೆ ಬಾರಿಸಿದ್ರೆ ಶುರು. ಯಾಕಪ್ಪ ಹೊಡೀತೀಯ ಅಂತ ಯಾರೂ ಕೇಳೋದಿಲ್ಲ. ಅದರಲ್ಲಿ ಒಂದು ಮರ್ಯಾದೆ ಇತ್ತು ಕಣೇ. ಸಿನಿಮಾ ಅಂದ ತಕ್ಷಣ ಎಲ್ಲರಿಗೂ ಒಂದೊಂದು ಗಾಯ ಆಗ್ಬೇಕು, ಎಲ್ಲರಿಗೂ ಒಂದೊಂದು ಬಾಲ್ಯ ಬೇಕು. ನಿಮ್ಮ ಕಥೆಗಾರ ಇದಾನಲ್ಲ, ಕಾರಣ ಸಾಹೇಬ... ನೀವೇ ತಾನೇ ಇಟ್ಟಿದ್ದು ಆ ಹೆಸರು? ಮೊದಲ ಸಭೇಲಿ ನನ್ನನ್ನ ಫೋನಲ್ಲಿ ಕೂರಿಸ್ಕೊಂಡು ಕೇಳಿದ, 'ಅಜ್ಜಿ ಯಾಕೆ ಮೊದಲು ಹೊಡೆಯಲ್ಲ ಮೇಡಂ? ಕಾರಣ ಏನು?' ಅಂತ. ನಾನು ಅಂದೆ, ಅವಳಿಗೆ ಸುಸ್ತಾಗಿದೆ ಸ್ವಾಮಿ, ದಿನವಿಡೀ ನಿಂತು ಕೆಲಸ ಮಾಡಿರ್ತಾಳೆ. ನೀವೆಲ್ಲ ನಕ್ಕಿರಿ, ಕೇಳಿಸ್ತು. ಅವನು ನಗಲಿಲ್ಲ. 'ಇನ್ನೂ ಒಳಗೆ ಹೋಗ್ಬೇಕು' ಅಂದ.

ಹೋದ್ನಲ್ಲ ಒಳಗೆ. ಬಸ್ ನಿಲ್ದಾಣದ ತನಕ ಹೋದ.

ನಾನು ಮಂಚದ ಮೇಲೆ ನಗ್ತಾ ಇದ್ದೋಳು. ಅಜ್ಜಿ ಎದುರಾಳಿ ಮುಂದೆ ನಿಲ್ತಾಳೆ, ಕಣ್ಣು ಮುಚ್ಚುತ್ತಾಳೆ, ಚಿತ್ರದ ಬಣ್ಣ ತೆಳುವಾಗುತ್ತೆ. ಸರಿ, ಬಂತಪ್ಪ ಬಾಲ್ಯ, ಅಂದ್ಕೊಂಡೆ. ಬಾಲ್ಯ ಅಲ್ಲ. ಅದೇ ಅಜ್ಜಿ, ಪ್ರಾಯದ ಹೆಂಗಸಾಗಿ. ಬೂದು ಬಣ್ಣದ ಕೋಟು. ಬೆಂಚಿನ ಮೇಲೆ ಒಬ್ಬಳು ಹುಡುಗಿ, ಅವಳ ತೊಡೆ ಮೇಲೆ ಇನ್ನೂ ನಡೆಯೋಕೆ ಬಾರದ ಕೂಸು. ಹೆಂಗಸು ಮಂಡಿಯೂರಿ ಹುಡುಗಿ ಬೂಟಿನ ಲಾಡಿ ಕಟ್ತಾಳೆ. 'ಚಿಕ್ಕಮ್ಮ ಬರೋ ತನಕ ಏಳ್ಬೇಡ' ಅಂತಾಳೆ. ಹೋಗ್ತಾಳೆ. ಬಾಗಿಲ ಹತ್ರ ತಿರುಗಿ ನೋಡ್ತಾಳೆ.

ಆಚೆ ಕ್ರೇನಿನ ಸದ್ದು ನಿಂತುಹೋಯ್ತು ಅನ್ನಿಸ್ತು. ನಿಂತಿರಲಿಲ್ಲ, ನನಗೆ ಕೇಳಿಸ್ತಿರಲಿಲ್ಲ.

ಹೇಳು. ನಮ್ಮ ಈ ವಿಷಯ ಅವನಿಗೆ ಯಾರು ಹೇಳಿದ್ದು?

ನಾನು ದಾರಿಯುದ್ದಕ್ಕೂ ಯೋಚನೆ ಮಾಡ್ದೆ. ಚಿಕ್ಕಮ್ಮ ಹೇಳಿರೋಕೆ ಅವಳು ಈಗ ಬದುಕಿಲ್ಲ. ನಮ್ಮ ಆಟಕ್ಕೆ ಕಂಪ್ಯೂಟರ್ ಕೆಲಸ ಮಾಡಿಕೊಟ್ಟ ಇಂಜಿನಿಯರ್? ಅವನಿಗೆ ಎರಡು ಗ್ಲಾಸ್ ಒಳಗೆ ಹೋದ್ರೆ ಬಾಯಿಗೆ ಬೀಗ ಇರೋದಿಲ್ಲ ನಿಜ, ಆದ್ರೆ ಅವನ ಮುಂದೆ ನಾನು ಅಮ್ಮನ ಮಾತೇ ಎತ್ತಿದವಳಲ್ಲ. ಇಲ್ಲ, ಕಾರಣ ಸಾಹೇಬನೇ ಊಹೆ ಮಾಡಿರ್ಬೇಕು ಅಂದ್ಕೊಂಡೆ. ಲೋಕದಲ್ಲಿ ಎಷ್ಟೋ ಜನ ತಾಯಂದಿರು ಮಕ್ಕಳನ್ನ ಬಿಟ್ಟು ದೂರ ಕೆಲಸಕ್ಕೆ ಹೋಗಿರ್ತಾರೆ. ಎಷ್ಟೋ ಬಸ್ ನಿಲ್ದಾಣ. ಎಷ್ಟೋ ಬೂಟಿನ ಲಾಡಿ...

ಹಾಗೆ ನೋಡ್ಬೇಡ.

ಸರಿ. ಸರಿ, ನೀನೇ ಅಂತ ಗೊತ್ತು. ಬಾಗಿಲು ತೆಗೆದು ಒಳಗೆ ಬರೋ ಮುಂಚೇನೇ ಗೊತ್ತಿತ್ತು. ನೀನಾಗಿ ಹೇಳ್ತೀಯೇನೋ ಅಂತ ಇಷ್ಟೊತ್ತು ಟೈರ್ ಅಂಗಡಿ, ಹಮಾಲಿ, ನಾಯಿ ಅಂತ ಹರಟೆ ಹೊಡೀತಿದ್ದೆ. ನೀನು ಆ ಪೆನ್ನು ತಿರುಗಿಸ್ತಾ ಕೂತಿದ್ದೀಯ. ಇಲ್ಲ ಅಂತಾದ್ರೂ ಅನ್ನಬಹುದಿತ್ತು. ಒಂದು ಸುಳ್ಳು ಹೇಳಿದ್ದಿದ್ರೆ ನಂಬಿಬಿಡ್ತಿದ್ದೆ, ನಂಬೋಕೆ ತಯಾರಾಗೇ ಬಂದಿದ್ದೆ.

ಏನು? ಫೋನ್ ಮಾಡಿ ಕೇಳಿದ್ದೆ ಅಂತೀಯಾ? ಕೇಳಿದ್ದೆ. ಏನು ಕೇಳಿದ್ದೆ ಅದನ್ನ ಹೇಳು. ನಾನು ಯಾವುದೋ ವಿಮಾನ ನಿಲ್ದಾಣದಲ್ಲಿ, ಒಂದು ಕೈಲಿ ಟಿಕೆಟ್, ಇನ್ನೊಂದು ಕೈಲಿ ಶೂ, ಹಿಂದೆ ಸಾಲಲ್ಲಿ ನಿಂತವರು ತಳ್ತಿದಾರೆ. ನೀನು ಕೇಳ್ತೀಯ, 'ಅಕ್ಕ, ಅವತ್ತು ಅಮ್ಮ ಯಾವ ಭುಜದ ಮೇಲಿಂದ ತಿರುಗಿ ನೋಡಿದ್ಲು?' ಅಂತ. ಬಲ ಅಂದೆ. ಎಡಗೈಲಿ ಪೆಟ್ಟಿಗೆ ಇತ್ತು, ಆ ಭಾರಕ್ಕೆ ಎಡಕ್ಕೆ ತಿರುಗೋಕೆ ಬರೋದಿಲ್ಲ, ಬಲಕ್ಕೇ ತಿರುಗ್ಬೇಕು. ಯಾಕೆ ಅಂತ ನಾನು ಕೇಳಲಿಲ್ಲ. ಮನಸ್ಸಿಗೇನೋ ಬಂದು ಕೇಳಿದ್ದಾಳೆ, ಅಮ್ಮ ಹೋದ್ಮೇಲೆ ಇವಳಿಗೂ ಇಂಥವೆಲ್ಲ ಬೇಕನ್ನಿಸ್ತಿದೆ ಅಂದ್ಕೊಂಡೆ. ಶೂ ಹಾಕ್ಕೊಂಡು ವಿಮಾನ ಹತ್ತಿದ ಮೇಲೆ ಅತ್ತೆ ಕೂಡ. ಸಿನಿಮಾಕ್ಕೆ ಅಂತ ಗೊತ್ತಿದ್ದಿದ್ರೆ...

ಗೊತ್ತಿದ್ದಿದ್ರೆ ಏನು ಮಾಡ್ತಿದ್ದೆ ಅಂತಾನಾ? ಬಾಯಿ ಮುಚ್ಕೊಂಡಿರ್ತಿದ್ದೆ.

ಅದು ಇಬ್ಬರ ನಡುವೆ ಇದ್ದಿದ್ದು ಕಣೇ. ನಾವಿಬ್ಬರೇ. ಅಮ್ಮ ತಿರುಗಿ ಬಂದ ಮೇಲೂ ಅವಳ ಮುಂದೆ ಆ ಮಾತು ಎತ್ತಿದ್ವಾ? ಇಲ್ಲ. ಅವಳಾಗಿ ಎತ್ತಿದ್ಲಾ? ಅದೂ ಇಲ್ಲ. ನೀನು ಶಾಲೆಗೆ ಸೇರೋ ವರ್ಷ ಬಂದ್ಲು, ಚಿಕ್ಕಮ್ಮನ ಬಾಗಿಲಲ್ಲಿ ಕೋಟು ತೆಗೆದು ಮೊಳೆಗೆ ತಗುಲಿಹಾಕಿದ್ಲು, ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದ್ಲು. ನೀನು ನನ್ನ ಹಿಂದೆ ಅವಿತುಕೊಂಡು 'ಯಾರಕ್ಕ ಅದು' ಅಂತ ಕೇಳ್ದೆ. ಅಂಥ ಅಮ್ಮನನ್ನ ನಿನಗೆ ಅಮ್ಮ ಅಂತ ನಾನು ತಾನೇ ಹೇಳಿಕೊಟ್ಟಿದ್ದು? ರಾತ್ರಿ ನಿನಗೆ ನಿದ್ದೆ ಬರ್ತಿರಲಿಲ್ಲ, ಅಮ್ಮ ನಮ್ಮನ್ನ ಬಿಟ್ಟು ಹೇಗೆ ಹೋದ್ಲು ಅಂತ ಕೇಳ್ತಿದ್ದೆ, ನಾನು ಹೇಳ್ತಿದ್ದೆ. ತಿರುಗಿ ನೋಡಿದ್ಲು ಕಣೇ, ನಿನ್ನನ್ನೇ ನೋಡಿದ್ಲು ಅಂತ. ಆಮೇಲೆ ನೀನು ಮಲಗ್ತಿದ್ದೆ. ಅದನ್ನ ತಂದು ಕಾರಣ ಸಾಹೇಬನ ತಟ್ಟೆಗೆ ಬಡಿಸಿದ್ದೀಯ. ತಗೊಳ್ಳಿ, ಅಜ್ಜಿ ಮೊದಲು ಹೊಡೆಯದೇ ಇರೋಕೆ ಕಾರಣ ಇದು ಅಂತ. ಮಕ್ಕಳನ್ನ ಬಿಟ್ಟುಹೋದವಳಿಗೆ ಇನ್ನು ಯಾರ ಮೇಲೂ ಕೈ ಎತ್ತೋ ಹಕ್ಕಿಲ್ಲ ಅಂತ. ಆ ಮಾತನ್ನ ಹಮಾಲಿ ಬಾಯಲ್ಲಿ ಹೇಳಿಸಿದ್ದೀರಲ್ಲ, ಸಂಗೀತ ಬೇರೆ. ಸತ್ತವಳು ಎದ್ದು ಬಂದು ಇಲ್ಲ ಅನ್ನೋ ಹಾಗಿಲ್ಲ. ಯಾರೋ ಕತ್ತಲಲ್ಲಿ ಪಾಪ್‌ಕಾರ್ನ್ ತಿಂತಾ ನಮ್ಮಮ್ಮನ್ನ ಕ್ಷಮಿಸಿ ಮನೆಗೆ ಹೋಗ್ತಾರೆ. ಯಾರು ಕೊಟ್ರು ಅವರಿಗೆ ಆ ಅಧಿಕಾರ?

ನೀರು ಬೇಡ. ...ಕೊಡು, ಆಯ್ತು.

ನಿನಗೆ ಇನ್ನೊಂದು ವಿಷಯ ಹೇಳ್ತೀನಿ, ಹೊಟ್ಟೆ ಉರಿ ಅಂತ ಬೇಕಾದ್ರೂ ಅಂದ್ಕೋ. ಆಟದಲ್ಲಿ ಅಜ್ಜಿಗೆ ಬೆನ್ನೇ ಇರಲಿಲ್ಲ. ಯಾರಿಗೂ ಇರಲಿಲ್ಲ. ಇಬ್ಬರೂ ಯಾವಾಗ್ಲೂ ಎದುರುಬದುರು, ಒಬ್ಬ ಹಾರಿ ಆ ಕಡೆ ಬಿದ್ರೆ ಇನ್ನೊಬ್ಬ ತಾನಾಗಿ ತಿರುಗಿ ನಿಲ್ತಾನೆ. ಬೆನ್ನು ತೋರಿಸಿ ಹೋಗೋ ಗುಂಡಿನೇ ಇಲ್ಲ ಆ ಆಟದಲ್ಲಿ, ಎಷ್ಟು ಒತ್ತಿದ್ರೂ ಹಿಂದಕ್ಕೆ ಸರೀಬಹುದು ಅಷ್ಟೇ, ಮುಖ ಎದುರಿಗೇ ಇರುತ್ತೆ. ನನಗೆ ಅದು ಎಷ್ಟು ಇಷ್ಟ ಇತ್ತು ಗೊತ್ತಾ? ಸಿನಿಮಾದವರು ಮೊದಲ ದಿನಾನೇ ಕೇಳಿದ್ರಂತೆ, ಎಲ್ಲರ ಬೆನ್ನೂ ಬರೆದುಕೊಡಿ ಅಂತ. ನೀನು ಬರೆದುಕೊಟ್ಟೆ. ಕೋಟಿನ ಬೆಲ್ಟು ಒಂದು ಕಡೆ ತಿರುಚಿಕೊಂಡಿರೋದು, ಎಡ ಭುಜ ಒಂದಿಷ್ಟು ಕೆಳಗೆ ಇರೋದು, ಎಲ್ಲ. ನೋಡಿದ ತಕ್ಷಣ ಅವಳೇ ಅನ್ನಿಸಿಬಿಡ್ತು. ನಿನಗೇನು, ಕೊನೆಗಾಲದಲ್ಲಿ ಅವಳ ಜೊತೆ ಇದ್ದೋಳು ನೀನು. ಅವಳು ಇಸ್ತ್ರಿ ಹಾಕ್ತಾ ನಿಂತಿದ್ರೆ ಹಿಂದೆ ಕೂತು ದಿನಾ ನೋಡಿರ್ತೀಯ. ನಾನು ಅವಳ ಬೆನ್ನು ನೋಡಿದ್ದು ಒಂದೇ ಸಲ.

ಇಲ್ಲ, ಏನಿಲ್ಲ. ಮುಂದೆ ಕೇಳು.

ಅಷ್ಟೆಲ್ಲ ಸರಿಯಾಗಿ ಬರೆದೋಳು, ಉಳಿದದ್ದನ್ನ ಯಾಕೆ ಹೀಗೆ ಹಾಳು ಮಾಡಿದೆ? ಕದಿಯೋದಾದ್ರೆ ಸರಿಯಾಗಿ ಕದೀಬೇಕು. ತೋರಿಸ್ತೀನಿ ಬಾ. ಅದನ್ನ ಸ್ವಲ್ಪ ಹಿಂದಕ್ಕೆ ಓಡಿಸು. ಇನ್ನೂ ಸ್ವಲ್ಪ. ಹಾಂ, ನಿಲ್ಲಿಸು. ಏನಿದು? ಬೆಂಚು ಇಲ್ಲಿಗೆ ಹೇಗೆ ಬಂತು? ಬಾಗಿಲಿಗೆ ಎದುರಾಗಿ, ಕೋಣೆ ನಡುವೆ, ಮೆರವಣಿಗೆ ನೋಡೋಕೆ ಕೂತವರ ಹಾಗೆ ಕೂರಿಸಿದ್ದೀಯ ನಮ್ಮನ್ನ. ಬೆಂಚು ಎಲ್ಲಿತ್ತು ಅಂತ ನಾನು ನಿನಗೆ ಎಷ್ಟು ಸಲ ಹೇಳಿಲ್ಲ? ಟಿಕೆಟ್ ಕೊಡೋ ಗೂಡಿನ ಹಿಂದೆ. ಮರದ ಗೂಡು, ಆಳೆತ್ತರ, ಒಳಗೆ ಗುಮಾಸ್ತ ಕಾಲ ಹತ್ರ ಒಂದು ಕರೆಂಟಿನ ಒಲೆ ಇಟ್ಟುಕೊಂಡಿದ್ದ. ಅದರ ಬಿಸಿಗೆ ಹಿಂದಿನ ಹಲಗೆ ಬೆಚ್ಚಗಿರ್ತಿತ್ತು. ನಿನಗೆ ಶೀತ ಆಗಿತ್ತು, ಅದಕ್ಕೇ ಅಮ್ಮ ಹುಡುಕಿ ಹುಡುಕಿ ಆ ಬೆಂಚಿಗೇ ಕೂರಿಸಿದ್ಲು, ಬೆನ್ನು ಆ ಹಲಗೆಗೆ ತಾಗಿಸಿ ಕೂತ್ಕೋ ಅಂದ್ಲು. ಅದೊಂದು ಒಳ್ಳೆ ಕೆಲಸ ಮಾಡಿದ್ಲು ಅವತ್ತು, ಅದನ್ನೂ ಕಿತ್ಕೊಂಡಿದ್ದೀಯ ಅವಳಿಂದ.

ಯಾಕೆ ಜರುಗಿಸಿದೆ?

ಚಿತ್ರ ಚೆನ್ನಾಗಿ ಕಾಣ್ಲಿ ಅಂತಾನಾ? ಕಾರಣ ಸಾಹೇಬ ಹೇಳಿದ್ನಾ? ಅವನಲ್ಲ... ನೀನೇ. ಸರಿ, ನೀನೇ ಯಾಕೆ ಜರುಗಿಸಿದೆ, ಅದನ್ನೇ ಕೇಳ್ತಿರೋದು. ಇಷ್ಟು ಹೊತ್ತು ಏನೇನೋ ಬೈದೆ, ಮುಖ ಕೂಡ ತಿರುಗಿಸಲಿಲ್ಲ ನೀನು. ಬೆಂಚಿನ ಮಾತು ಬಂದ ತಕ್ಷಣ ಯಾಕೆ ತಲೆ ತಗ್ಗಿಸ್ತೀಯ?

ಏನು ಮಾಡ್ತಿದ್ದೀಯ? ಸ್ಕ್ರೀನ್ ಮೇಲೆ ಬೆಂಚು ಎಳೀತಿದ್ದೀಯಾ... ಹಾಂ, ಆ ಕಡೆ. ಗೂಡಿನ ಹಿಂದೆ. ಇನ್ನೂ ಹತ್ರ, ಹಲಗೆಗೆ ತಾಗಬೇಕು. ಅಲ್ಲೇ. ಈಗ ಸರಿಯಾಯ್ತು ನೋಡು, ಇದೇ ಜಾಗ. ಇಷ್ಟು ಸುಲಭ ಇದ್ದಿದ್ದನ್ನ...

ಇದ್ಯಾವ ಕೋನ ಇದು? ಯಾರು ನೋಡ್ತಿರೋದು? ಹುಡುಗೀನಾ? ಬೆಂಚಿನ ಮೇಲೆ ಕೂತ ಹುಡುಗಿ ಕಣ್ಣಿಂದ. ಸರಿ. ಬರೀ ಹಲಗೆ ಕಾಣುತ್ತಲ್ಲ, ಹಲಗೆ, ಆ ಕಡೆ ಗೋಡೆ, ವೇಳಾಪಟ್ಟಿ. ಸ್ವಲ್ಪ ಬಲಕ್ಕೆ ತಿರುಗಿಸು, ಬಾಗಿಲು ಆ ಕಡೆ ಇರೋದು. ಇನ್ನೂ ಬಲಕ್ಕೆ. ಗೂಡು ಅಡ್ಡ ಬರ್ತಿದೆ. ಬಾಗಿಲು...

ಬಾಗಿಲು ಕಾಣೋದಿಲ್ಲ.

ಓ.

ಯಾವಾಗಿಂದ ಗೊತ್ತು ನಿನಗೆ?

ನಿಲ್ದಾಣ ಕಟ್ಟೋಕೆ ಶುರು ಮಾಡಿದಾಗ, ಅಲ್ವಾ. ಅದೇ ನಿಮ್ಮ ಕೆಲಸ. ಗೋಡೆ ಎಲ್ಲಿ, ಬಾಗಿಲು ಎಲ್ಲಿ, ಯಾರು ಎಲ್ಲಿಂದ ಯಾರನ್ನ ನೋಡ್ತಾರೆ, ಮೊದಲು ಅದನ್ನೇ ತಾನೇ ಕೂರಿಸ್ಕೊಳ್ಳೋದು. ನಾನು ಹೇಳಿದ್ದನ್ನೆಲ್ಲ ನೀನು ಒಂದೊಂದಾಗಿ ಇಟ್ಟು ನೋಡಿದೆ. ಗೂಡು ಇಟ್ಟೆ, ಒಲೆ ಇಟ್ಟೆ, ಬೆಂಚು ಇಟ್ಟೆ, ನನ್ನನ್ನ ಕೂರಿಸ್ದೆ, ನಿನ್ನನ್ನ ನನ್ನ ತೊಡೆ ಮೇಲೆ ಕೂರಿಸ್ದೆ. ಬಾಗಿಲು ಕಾಣಲಿಲ್ಲ.

ಅದಾದ ಮೇಲೆ ಫೋನ್ ಮಾಡಿದ್ದಾ, ಮುಂಚೇನಾ? ಹೇಳ್ಬೇಡ. ಅದಾದ ಮೇಲೇ. ಅವತ್ತು ನೀನು ಕೇಳಿದ್ದು ಭುಜ ಅಲ್ಲ, ತಿರುಗಿದ್ದು ನಿಜಾನಾ ಅಂತ. ನಾನು ಒಂದು ಕ್ಷಣ ಸುಮ್ಮನಾಗಿದ್ದಿದ್ರೆ ಸಾಕಿತ್ತು ನಿನಗೆ. ನಾನೋ, ಕೇಳಿದ ತಕ್ಷಣ ಬಲ ಅಂದೆ. ಪೆಟ್ಟಿಗೆ ಭಾರದ ಲೆಕ್ಕ ಬೇರೆ ಸೇರಿಸ್ದೆ. ಇಷ್ಟು ವರ್ಷ ಜನ ಹೇಗೆ ತಿರುಗ್ತಾರೆ ಅಂತ ನೋಡಿಕೊಂಡೇ ಹೊಟ್ಟೆ ಹೊರೆದವಳು, ನನ್ನ ಬಾಯಲ್ಲಿ ಯಾರು ಬೇಕಾದ್ರೂ ತಿರುಗ್ತಾರೆ.

ಆಮೇಲೆ ನೀನು ಬೆಂಚು ಜರುಗಿಸ್ದೆ. ನಾನು ಹೇಳಿದ್ದು ನಿಜ ಆಗ್ಲಿ ಅಂತ.

ಬೈದುಬಿಡು ನನ್ನನ್ನ, ಮರಿ. ಬೈ.

ಸರಿ, ನಾನೇ ಹೇಳ್ತೀನಿ. ನಿನ್ನನ್ನ ಬೆಂಚಿನ ಮೇಲೆ ಬಿಟ್ಟೆ. ಏಳ್ಬೇಡ ಅಂದಿದ್ಲು, ನಾನು ಎದ್ದೆ. ಅವಳ ಬೂಟಿನ ಸದ್ದು ದೂರ ಹೋಗೋದು ಕೇಳ್ತಿತ್ತು, ತಡೆಯೋಕೆ ಆಗ್ಲಿಲ್ಲ. ಗೂಡಿನ ಮೂಲೆ ತನಕ ಓಡ್ದೆ, ಅಲ್ಲಿಂದ ಬಾಗಿಲು ಕಾಣುತ್ತೆ. ಕೂಗಲಿಲ್ಲ. ಕೂಗೋದ್ಯಾಕೆ, ಬಾಗಿಲ ಹತ್ರ ಹೋದಾಗ ಹೇಗೂ ತಿರುಗ್ತಾಳಲ್ಲ ಅಂತ ನಿಂತಿದ್ದೆ. ಯಾರಾದ್ರೂ ತಿರುಗ್ತಾರೆ ತಾನೇ. ಬಾಗಿಲು ಭಾರ ಇತ್ತು, ಪೆಟ್ಟಿಗೆ ಕೆಳಗಿಟ್ಟು ಎರಡು ಕೈಲೂ ತಳ್ಳಿದ್ಲು, ಮತ್ತೆ ಬಗ್ಗಿ ಪೆಟ್ಟಿಗೆ ತಗೊಂಡ್ಲು. ಅಷ್ಟು ಹೊತ್ತು ಇತ್ತು ಅವಳಿಗೆ. ಬಾಗಿಲು ಮುಚ್ಚಿಕೊಳ್ತು. ನಾನು ವಾಪಸ್ ಬಂದಾಗ ನೀನು ಬೆಂಚಿನ ಅಂಚಲ್ಲಿದ್ದೆ, ಇನ್ನೇನು ಬೀಳೋ ಹಾಗೆ. ಅಳ್ತಾನೂ ಇರಲಿಲ್ಲ. ಹಲಗೆ ಮೇಲೆ ಕೈ ಇಟ್ಟುಕೊಂಡು ಬೆಚ್ಚಗೆ ಕೂತಿದ್ದೆ.

ನಿನಗೋಸ್ಕರ ಹೇಳಿದ್ದು ಕಣೇ, ತಿರುಗಿದ್ಲು ಅಂತ. ರಾತ್ರಿ ನೀನು ಕೇಳ್ತಿದ್ದೆಯಲ್ಲ, ನಿದ್ದೆ ಬಾರದೆ...

ಕೇಳ್ತಿದ್ದೆ ತಾನೇ?

ಕೇಳ್ತಿದ್ದೆ ಅನ್ನು.

...ಕೇಳ್ತಿರಲಿಲ್ಲ.

ನೀನು ಮಲಗಿರ್ತಿದ್ದೆ. ದಿಂಬಿಗೆ ತಲೆ ಇಟ್ರೆ ಸಾಕು, ಮಲಗಿಬಿಡ್ತಿದ್ದೆ, ಚಿಕ್ಕಮ್ಮ ಆಡಿಕೊಂಡು ನಗ್ತಿದ್ಲು ಅದನ್ನ. ನಾನೇ ಅಲುಗಾಡಿಸಿ ಎಬ್ಬಿಸ್ತಿದ್ದೆ. ಎಬ್ಬಿಸಿ, ಕೇಳು ಕೇಳು ಅಂತ ಹೇಳ್ತಿದ್ದೆ. ನೀನು ಅರ್ಧ ಕಣ್ಣು ಬಿಟ್ಟು ಹೂಂ ಅಂತಿದ್ದೆ. ಇಷ್ಟು ವರ್ಷ ಹೂಂ ಅಂದ್ಕೊಂಡೇ ಬಂದಿದ್ದೀಯ. ಈಗಲೂ ಅದಕ್ಕೇ ತಾನೇ ಸುಮ್ಮನೆ ಕೂತಿರೋದು.

ದೃಶ್ಯ ತೆಗೀಬೇಡ. ಬೆಂಚು ಅಲ್ಲೇ ಇರ್ಲಿ, ಗೂಡಿನ ಹಿಂದೆ. ಕತ್ತು ತಿರುಗಿಸೋ ಚಿತ್ರಗಳನ್ನೆಲ್ಲ ಅಳಿಸಿಬಿಡು. ಹಮಾಲಿ ಮಾತೂ ಬೇಡ, ಸಂಗೀತವೂ ಬೇಡ. ಹುಡುಗಿ ಎದ್ದು ಮೂಲೆಗೆ ಬರ್ಲಿ, ಅಲ್ಲಿ ನಿಂತುಕೊಳ್ಳಲಿ. ಆ ಪೆನ್ನು ಇತ್ತ ಕೊಡು, ಅವಳು ಹೇಗೆ ನಿಂತಿದ್ಲು ಅಂತ ನಾನೇ ಗೆರೆ ಹಾಕಿ ತೋರಿಸ್ತೀನಿ, ಅದು ನಿನಗೆ ಗೊತ್ತಾಗೋದಿಲ್ಲ. ಆಮೇಲೆ ನೀನು ಬಾಗಿಲು ತೆಗಿ. ಅಮ್ಮ ಹೋಗ್ಲಿ.